ಹಳೇ ಮನಿಗೆ ಒಗ್ಯಾಣದ ಯಂತ್ರ: ಮೊದಲು ನೀರಿನ ಹಾದಿ ನೋಡ್ರಿ

ನಮ್ಮ ಅಕ್ಕೋಳದ ಕಡೆ ಮಣ್ಣು-ಕಲ್ಲಿನ ಗೋಡೆಯ ಹಳೇ ಮನೆಗಳು ಇನ್ನೂ ಇವೆ. ಅವನ್ನು ಕಟ್ಟಿದಾಗ ಅರಿವೆ ಒಗೆಯುವುದು ಬಾವಿಕಟ್ಟೆಯ ಮೇಲೆ, ಇಲ್ಲವೇ ಹೊಳೆದಂಡೆಯಲ್ಲಿ. ಈಗ ಅದೇ ಮನೆಗೆ ಯಂತ್ರ ಬರುತ್ತಿದೆ. ದಿನವಿಡೀ ಹೊಲದಾಗ ದುಡಿದು ಬರೋ ಹೆಣ್ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ನೀರಿನ ಹಾದಿ ಸರಿ ಮಾಡದೆ ತಂದರೆ ಗೋಡೆಗೆ ಕುತ್ತು.

ನೀರು ಬರುವ ಹಾದಿ: ನೀರು 10 ಮೀಟರ್ ಎತ್ತರದಿಂದ ಇಳಿದರೆ 1 ಬಾರ್ ಒತ್ತಡ. ಟಾಕಿ ನಳಕ್ಕಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ಪೂರ್ತಿ ಆಟೋಮ್ಯಾಟಿಕ್ ಯಂತ್ರಗಳು ಕೆಲವು 0.3, ಕೆಲವು 0.5 ಬಾರ್ ಕೇಳುತ್ತವೆ. ಕೊಳ್ಳುವ ಮೊದಲು ಕೇಳಿ ತಿಳಕೊಳ್ರಿ. ಟಾಕಿಯನ್ನು ಮಣ್ಣಿನ ಗೋಡೆಯ ಮೇಲೆ ಕೂಡಿಸಬೇಡಿ; 500 ಲೀಟರ್ ಅಂದರೆ 500 ಕಿಲೋ ಭಾರ. ಬೇರೆ ಕಂಬ ನಿಲ್ಲಿಸುವುದೇ ಲೇಸು. ಅರೆ ಆಟೋಮ್ಯಾಟಿಕ್ ಯಂತ್ರಕ್ಕೆ ಈ ತಾಪತ್ರಯವಿಲ್ಲ, ಕೊಡದಿಂದ ನೀರು ಸುರಿದರೂ ನಡೀತದ. ನಳ ದಿನಾ ಬಾರದ ಮನೆಗೆ ಅದೇ ಪಾಡು.

ಬೋರಿನ ಗಡಸು ನೀರಾದರೆ ನೀರು ಒಳಹೋಗುವ ಬಾಯಿಯ ಸಣ್ಣ ಜಾಳಿಗೆಯಲ್ಲಿ ಸುಣ್ಣ, ಉಸುಕು ಕಟ್ಟುತ್ತವೆ. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ.

ನೀರು ಹೋಗುವ ಹಾದಿ: ಅರೆ ಆಟೋಮ್ಯಾಟಿಕ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಅದರ ಪೈಪನ್ನು ನೆಲಕ್ಕೆ ಇಳಿಸಿದರೆ ಮಾತ್ರ ನೀರು ಹೊರಬೀಳುತ್ತದೆ. ಮುಂಬಾಗಿಲಿನ ಯಂತ್ರ ಪಂಪಿನಿಂದ ನೀರು ನೂಕುತ್ತದೆ. ಇದರ ಪೈಪಿನ ತುದಿ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಕೆಳಗೆ ಬಿಟ್ಟರೆ ತುಂಬಿದ ನೀರು ತಾನೇ ಹರಿದು ಹೋಗುತ್ತದೆ. ಯಂತ್ರ ಮತ್ತೆ ಮತ್ತೆ ತುಂಬಿಕೊಳ್ಳುತ್ತದೆ. ತುದಿಯನ್ನು ಎರಡಿಂಚಿನ ನಿಂತ ಪೈಪಿಗೆ ಸಡಿಲಾಗಿ ಇಳಿಬಿಡಿ. ಸುತ್ತ ಗಾಳಿ ಆಡಬೇಕು, ಬಿಗಿಯಾಗಿ ಮೆತ್ತಬಾರದು.

ಮುಂದೆ ಗಟಾರದವರೆಗೆ ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿಜಾರು ಕೊಡಿ. ಬಚ್ಚಲಿನ ಹಳೇ ತೂತು ಕೊಡದ ನೀರಿಗೆ ಸಾಕು. ಪಂಪ್ ಒಮ್ಮೆಲೇ ನೂಕಿದರೆ ನೀರು ಹಿಂದಕ್ಕೆ ಬಂದು ಗೋಡೆಯ ಬುಡ ನೆನೆಯುತ್ತದೆ. ಮಣ್ಣಿನ ಗೋಡೆ ಬುಡದಿಂದಲೇ ಕುಸಿಯುವುದು. ಮೊದಲು ನಾಲ್ಕು ಕೊಡ ನೀರನ್ನು ಒಂದೇ ಸಲ ಸುರಿದು ನೋಡಿ. ನಿಂತಿತೆಂದರೆ ಗವಂಡಿಯನ್ನು ಕರೆಯಿರಿ.

ಕರೆಂಟು: ಹಳೇ ವೈರಿಂಗಿನಲ್ಲಿ ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಒದ್ದೆ ಕೈ, ಒದ್ದೆ ನೆಲ, ಕಬ್ಬಿಣದ ಡಬ್ಬಿ: ಜೀವದ ಪ್ರಶ್ನೆ. ಅರ್ಥಿಂಗ್ ಹಾಕಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂಡಿಸಿರಿ.

ಹೊರಗೆ ಬಂದ ನೀರು: ಸೋಪಿನ ಪುಡಿಯಲ್ಲಿ ಸೋಡಿಯಂ ಉಪ್ಪು ಇರುತ್ತದೆ. ಒಂದೇ ಜಾಗಕ್ಕೆ ದಿನಾ ಬಿದ್ದರೆ ಎರೆಮಣ್ಣು ಬಿಗಿದು ನೀರು ಇಂಗದಂತಾಗುತ್ತದೆ. ಮೊದಲ ಸೋಪಿನ ನೀರು ಇಂಗುಗುಂಡಿಗೆ ಹೋಗಲಿ, ಜಾಲಾಡಿಸಿದ ನೀರು ತೆಂಗು, ಬಾಳೆಗೆ ಸಾಗಲಿ. ಸೊಪ್ಪಿನ ಮಡಿಗೆ ಎರಡೂ ಬೇಡ. ಕುಡಿಯುವ ಬಾವಿಯಿಂದ ಗುಂಡಿ ದೂರವಿರಲಿ.