ಮುಗಿಲಿನಾಚೆಯಿಂದ ಬತ್ತದ ಗದ್ದೆ

ನಾಡಿನ ಫಸಲೆಷ್ಟೆಂಬುದನ್ನು ಪೈರು ಗದ್ದೆಯಲ್ಲಿರುವಾಗಲೇ ಅಂದಾಜು ಮಾಡಬೇಕಾಗುತ್ತದೆ. ಧಾನ್ಯವನ್ನು ಹೊರದೇಶದಿಂದ ತರಿಸಬೇಕೆ ಎಂಬ ನಿರ್ಧಾರವು ಕೊಯ್ಲಿನವರೆಗೆ ಕಾಯದು. ಹಸುರೆಲೆಯು ಕೆಂಪು ಬೆಳಕಿನ ಬಹುಭಾಗವನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಹೆಚ್ಚುಕಡಮೆ ಅರ್ಧವನ್ನು ಹಿಂದಿರುಗಿಸುತ್ತದೆ. ಈ ಅಂತರವನ್ನಳೆದು ಉಪಗ್ರಹವು ಚಳಿಗಾಲದ ಗೋಧಿಯ ಸೊಂಪನ್ನು ತಿಳಿಸಬಲ್ಲುದು. ಆದರೆ ಮುಂಗಾರಿನ ಬತ್ತದ ಗತಿಯೇನು? ನಾಟಿಯ ವೇಳೆಗೆ ಆಕಾಶವೆಲ್ಲ ಮೋಡ!

ಇಲ್ಲಿ ರೇಡಾರ್ ನೆರವಾಗುತ್ತದೆ. 2014ರಲ್ಲಿ ಹಾರಿದ ಯೂರೋಪಿನ ಸೆಂಟಿನೆಲ್-1 ಉಪಗ್ರಹದ ಅಲೆಯುದ್ದ ಸುಮಾರು 5.5 ಸೆಂಟಿಮೀಟರ್, ಮೋಡದ ಹನಿಗಳೋ ಮಿಲಿಮೀಟರಿನ ನೂರರಲ್ಲೊಂದೆರಡು ಪಾಲಿನಷ್ಟು ಸಣ್ಣವು. ಅಲೆಗಳ ಪಾಲಿಗೆ ಅವು ಇದ್ದೂ ಇಲ್ಲದಂತೆ. ಓರೆಯಾಗಿ ಬಿದ್ದ ಅಲೆಗಳನ್ನು ನೀರು ನಿಂತ ಗದ್ದೆಯು ಕನ್ನಡಿಯಂತೆ ಆಚೆಗೆ ಪ್ರತಿಫಲಿಸುವುದರಿಂದ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಸಸಿ ತೆಂಡೆಯೊಡೆದಂತೆ, ನೀರಿಗೂ ಕಾಂಡಕ್ಕೂ ತಗುಲಿದ ಅಲೆಗಳು ಉಪಗ್ರಹದತ್ತ ಮರಳುತ್ತವೆ; ಗದ್ದೆ ಬೆಳ್ಳಗಾಗುತ್ತದೆ. ಕಪ್ಪಾಗಿದ್ದು ವಾರವಾರಕ್ಕೆ ಬೆಳಗುವ ಈ ನಡೆಯೇ ಬತ್ತದ ಗುರುತು.

ದೆಹಲಿಯಲ್ಲಿ 2012ರಲ್ಲಿ ಸ್ಥಾಪಿತವಾದ ಮಹಾಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರವು ಬತ್ತದ ವಿಸ್ತೀರ್ಣವನ್ನು ಇಂಥ ಚಿತ್ರಗಳಿಂದಲೇ ಲೆಕ್ಕ ಹಾಕುತ್ತದೆ. ಆದರೆ ತೆನೆಯೊಳಗಿನ ಕಾಳು ಗಟ್ಟಿಯೊ ಜೊಳ್ಳೊ ಎಂಬುದನ್ನು ರೇಡಾರ್ ಹೇಳಲಾರದು. ಅದಕ್ಕೆ ಇಂದಿಗೂ ಗದ್ದೆಗಿಳಿದು, ಅಳತೆಯ ತುಂಡೊಂದನ್ನು ಕೊಯ್ದು, ಕಾಳನ್ನು ತೂಗಿ ನೋಡಬೇಕು.