ಬಡ್ಡಿಯಿಲ್ಲದ ಸಾಲಕ್ಕೆ ಮೀನೇ ಬಡ್ಡಿ

ತೆಂಗಿನ ಬುಡಕ್ಕೆ ಹಾಕಲು ಮೀನಿನ ತ್ಯಾಜ್ಯ ತರಲಿಕ್ಕೆ ನಾನು ಆಗೊಮ್ಮೆ ಈಗೊಮ್ಮೆ ಕಾಸರಗೋಡಿನ ಕಡಲ ಕರೆಗೆ ಹೋಗುವುದುಂಟು. ಪರಿಚಯದ ನಾಡದೋಣಿಯವರೊಬ್ಬರು ತೆಗೆದಿಟ್ಟಿರುತ್ತಾರೆ. ಹೋದ ವರ್ಷ ಹೋದಾಗ ಅವರ ಬಂಗುಡೆಯ ಏಲಂ ನಡೆಯುತ್ತಿತ್ತು. ಕೂಗುವವನು ಗಡಿಬಿಡಿಯಲ್ಲಿ ಮುಗಿಸಿಬಿಟ್ಟ. ಇನ್ನೊಬ್ಬ ವ್ಯಾಪಾರಿ ಬಾಯಿ ತೆರೆಯುವ ಮೊದಲೇ ಬುಟ್ಟಿ ಹೋಗಿಯಾಗಿತ್ತು.

“ಬೇರೆಯವರ ಹತ್ರ ಕೂಗಿಸಬಾರದಾ?” ಎಂದು ಕೇಳಿದೆ.

“ಅದಾಗುದಿಲ್ಲ ಅಣ್ಣೆರೇ. ಎಂಜಿನಿಗೆ ಹಣ ಕೊಟ್ಟದ್ದು ಇವರೇ. ಸಾಲ ಇರುವಷ್ಟು ದಿನ ಮೀನು ಇವರ ಕೈಯಿಂದಲೇ ಹೋಗ್ಬೇಕು. ಬಡ್ಡಿ ಮಾತ್ರ ಇಲ್ಲ!”

ಮರಳಲ್ಲೇ ಕೂತು ಲೆಕ್ಕ ಹಾಕಿದೆವು. ಸಾಲ 50,000 ರೂಪಾಯಿ. ಕಮಿಷನ್ ನೂರಕ್ಕೆ 10. ಆ ವರ್ಷ ಅವರು ಇಳಿಸಿದ ಮೀನು ಸುಮಾರು 3 ಲಕ್ಷದ್ದು. ಕಮಿಷನ್ 30,000 ಆಯಿತು. ಕೂಗುವ ಕೆಲಸಕ್ಕೆ ನೂರಕ್ಕೆ 5ರಂತೆ ಕಳೆದರೂ ಉಳಿದ 15,000 ಯಾವುದು? ಅದೇ ಬಡ್ಡಿ, ನೂರಕ್ಕೆ 30. ಅಸಲು ಇದ್ದಲ್ಲೇ ಇದೆ. ದರದಲ್ಲಿ ಹೋದದ್ದು ಲೆಕ್ಕಕ್ಕೇ ಬಂದಿಲ್ಲ.

ಹಾಗಾದರೆ ಬ್ಯಾಂಕಿಗೆ ಯಾಕೆ ಹೋಗುವುದಿಲ್ಲ? ಬ್ಯಾಂಕಿನ ಕಂತು ತಿಂಗಳಿಗೊಮ್ಮೆ. ಕಡಲಿಗೆ ತಿಂಗಳ ಲೆಕ್ಕ ಗೊತ್ತಿಲ್ಲ. ಮಳೆಗಾಲದಲ್ಲಿ ದೋಣಿ ಇಳಿಯದಿದ್ದಾಗ ಅಕ್ಕಿಗೆ, ನಡುರಾತ್ರಿ ಆಸ್ಪತ್ರೆಗೆ ಹಣ ಕೊಟ್ಟದ್ದೂ ಅದೇ ವ್ಯಾಪಾರಿ. ಆ ಉಪಕಾರವನ್ನು ಅವರು ಮರೆಯುವುದಿಲ್ಲ.

ನನಗೆ ಅಪ್ಪನ ಕಾಲದ ಅಡಿಕೆ ನೆನಪಾಯಿತು. ಮಂಡಿಯಿಂದ ಮುಂಗಡ ತಂದರೆ ಅಡಿಕೆ ಆ ಮಂಡಿಗೇ. ದರವೂ ಕಳೆತವೂ ಅವರು ಹೇಳಿದಷ್ಟು. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ ಮೇಲೆ ನಮಗೆ ಇನ್ನೊಂದು ಬಾಗಿಲು ತೆರೆಯಿತು.

ಮೀನುಗಾರರೂ ಇಂಥ ಬಾಗಿಲು ತೆರೆದದ್ದುಂಟು. ತಿರುವನಂತಪುರದ ಹತ್ತಿರದ ಮರಿಯನಾಡಿನಲ್ಲಿ 1970ರ ಸುಮಾರಿಗೆ ಮೀನುಗಾರರೇ ಸಂಘ ಕಟ್ಟಿದರು. ಮುಂದೆ ಅಂಥ ಸಂಘಗಳು ಸೇರಿ 1980ರಲ್ಲಿ ಒಕ್ಕೂಟವಾಯಿತು. ಅದೇ ‘ಸಿಫ್ಸ್’. ಹಾಲಿನಲ್ಲಿ ಆಣಂದದವರು ಮಾಡಿದ ಹಾಗೆ ಇದು ಮೀನಿನಲ್ಲಿ. ಇಲ್ಲಿ ಸಾಲ ಕೊಡುವುದು ಮಾತ್ರವಲ್ಲ, ಕರೆಯಲ್ಲಿ ಏಲಂ ಕೂಗುವುದೂ ಸಂಘವೇ. ಹೆಚ್ಚು ಕೊಟ್ಟವನಿಗೆ ಮೀನು. ಬಂದ ಹಣದಲ್ಲಿ ನೂರಕ್ಕೆ ಇಷ್ಟು ಸಾಲಕ್ಕೆ, ಇಷ್ಟು ಉಳಿತಾಯಕ್ಕೆ, ಇಷ್ಟು ಸಂಘದ ಖರ್ಚಿಗೆ ಎಂದು ಹಿಡಿಯುತ್ತಾರೆ. ಮೀನು ಸಿಕ್ಕಿದ ದಿನ ಕಂತು. ಸಿಗದ ದಿನ ಕಂತಿಲ್ಲ. ಕಡಲಿಗೆ ಹೊಂದುವ ಲೆಕ್ಕ ಇದು. ಮುಖ್ಯವಾಗಿ, ಕೊಟ್ಟಷ್ಟೂ ಅಸಲು ಕರಗುತ್ತದೆ.

ಏಲಂ ಕಮಿಷನ್ ನೂರಕ್ಕೆ 5 ಮೀರಬಾರದೆಂದು ಕೇರಳದಲ್ಲಿ 2021ರಲ್ಲಿ ಕಾಯಿದೆಯೂ ಬಂತು. ಒಳ್ಳೆಯದೇ. ಆದರೆ ಸಾಲ ಹೊತ್ತವನು ಸಾಲ ಕೊಟ್ಟವನ ಮುಂದೆ ಕಾಯಿದೆ ಓದುವುದು ಹೇಗೆ? ಕಾಯಿದೆ ಎಂಜಿನಿಗೆ ಹಣ ಕೊಡುವುದಿಲ್ಲವಲ್ಲ.

ಹೊರಡುವಾಗ ದೋಣಿಯವರು ಕೇಳಿದರು, “ನಮ್ಮ ಕರೆಯಲ್ಲೂ ಹತ್ತು ದೋಣಿಯವರು ಸೇರಿದ್ರೆ ಆದೀತಾ?” ಆದೀತು, ಆದರೆ ಮೊದಲು ಹಳೇ ಸಾಲ ತೀರಿಸಲು ಹಣ ಬೇಕು ಎಂದೆ. ಅವರು ಕಡಲು ನೋಡಿದರು.

ಕೃಷಿಕ ಮಿತ್ರರೇ, ಅಡಿಕೆಗೋ ಕಾಳುಮೆಣಸಿಗೋ ಮುಂಗಡ ತರುವ ಮೊದಲು ಬಡ್ಡಿ ಎಷ್ಟೆಂದು ಕೇಳಿದರೆ ಸಾಲದು. ಬೆಳೆ ಯಾರಿಗೆ ಮಾರಬೇಕೆಂದೂ ಕೇಳಿ. ಇಂಥ ಕಟ್ಟಿನಿಂದ ಬಿಡಿಸಿಕೊಂಡವರು ನಿಮ್ಮಲ್ಲಿದ್ದರೆ ದಯವಿಟ್ಟು ಬರೆಯಿರಿ. ಆ ದೋಣಿಯವರಿಗೆ ಓದಿ ಹೇಳುತ್ತೇನೆ.