ಅಜ್ಜನ ಹೊಸ ಫೋನು, ಅಜ್ಜಿಯ ಹಳೇ ದನಿ

ಹಾಸ್ಟೆಲ್‌ನಲ್ಲಿ ನಮ್ಮೂರು ಚಿಗಟೇರಿ ಅಂದ ಕೂಡಲೇ ದಾವಣಗೆರೆ ಕಡೆಯವರು "ಅದು ಆಸ್ಪತ್ರೆ ಹೆಸರಲ್ವಾ?" ಅಂತ ಕೇಳ್ತಾರೆ. ಹೌದು, ದಾವಣಗೆರೆಯ ಜಿಲ್ಲಾಸ್ಪತ್ರೆಗೆ ಆ ಹೆಸರಿದೆ. ಆದ್ರೆ ಊರೂ ಒಂದಿದೆ, ಹರಪನಹಳ್ಳಿ ತಾಲೂಕಿನಲ್ಲಿ. ನಮ್ಮೂರ ದೇವರು ನಾರದಮುನಿ. ಕೈಯಲ್ಲಿ ವೀಣೆ, ಲೋಕದಿಂದ ಲೋಕಕ್ಕೆ ಸಂಚಾರ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಡು ಸಾಗಿಸೋ ಕೆಲಸಕ್ಕೆ ಇದಕ್ಕಿಂತ ತಕ್ಕ ದೇವರು ಸಿಗಲ್ಲ. ಹಾಗಿದ್ರೂ ಹೋದ ದಸರಾ ರಜೆಯಲ್ಲಿ ಆ ಊರಲ್ಲೇ ಕೂತು ನಾವು ಮಾಡಿದ ಎಡವಟ್ಟು ಸಣ್ಣದಲ್ಲ. ನೀವು ಅದನ್ನೇ ಮಾಡಬಾರದು ಅಂತ ಈ ಲೇಖನ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾವು ಅಂದ್ರೆ ಮೂರು ಜನ: ಬಿಕಾಂ ಮುಗಿಸಿದ ಅಕ್ಕ, ಪಿಯುಸಿ ಓದೋ ಚಿಕ್ಕಪ್ಪನ ಮಗ, ಮತ್ತು ಸೆಕೆಂಡ್ ಇಯರ್‌ನಲ್ಲೇ ಊರವರ ಪಾಲಿಗೆ ದೊಡ್ಡ "ಕಂಪ್ಯೂಟರ್ ಇಂಜಿನಿಯರ್" ಆಗಿಬಿಟ್ಟಿರೋ ಈ ಲೇಖನದ ಬಡಪಾಯಿ.

ಅಜ್ಜನ ಹತ್ರ ಒಂದು ಬಟನ್ ಫೋನಿತ್ತು. ಅದರಲ್ಲಿ 4 ಜಿಬಿ ಮೆಮೊರಿ ಕಾರ್ಡು. ಹಳ್ಳಿ ಕಡೆಯವರಿಗೆ ಈ ಪದ್ಧತಿ ಗೊತ್ತಿರತ್ತೆ: ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡ್ ಕೊಟ್ರೆ, ದುಡ್ಡು ತಗೊಂಡು ಹಾಡು ತುಂಬಿಸಿ ಕೊಡ್ತಾರೆ. ಸಿನಿಮಾ ಹಾಡು, ಭಜನೆ, ನಾಟಕದ ಹಾಡು ಎಲ್ಲ ಕಲಸುಮೇಲೋಗರ. ಆ ಫೋನಿನ ಬ್ಯಾಟರಿ ಊದಿಕೊಂಡು ಡಿಸ್‌ಪ್ಲೇ ಹೋಯ್ತು. ಚಿಕ್ಕಪ್ಪ ಹೊಸ ಸ್ಮಾರ್ಟ್‌ಫೋನ್ ತಂದ್ರು. ಹಾಡುಗಳನ್ನ ಅದಕ್ಕೆ ಹಾಕೋ ಕೆಲಸ ನಮಗೆ ಬಂತು. ಅಜ್ಜ ಕಾರ್ಡನ್ನ ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿ ಕೊಟ್ಟು ಒಂದೇ ಮಾತು ಹೇಳಿದ್ರು: "ಹುಷಾರು. ಅದ್ರಾಗ ನಿಮ್ಮಜ್ಜಿ ಅದಾಳ."

ನಮಗೆ ಆ ಮಾತು ಅರ್ಥ ಆಗಲಿಲ್ಲ. ಫೋಟೋ ಇರಬೇಕು ಅನ್ಕೊಂಡ್ವಿ. ಅಜ್ಜಿ ತೀರಿಕೊಂಡು ಮೂರು ವರ್ಷ ಆಗಿತ್ತು.

ಕೇಬಲ್ ಸಿಕ್ಕಿಸಿದರೂ ಫೋನ್ ಕಾಣಲ್ಲ, ಯಾಕೆ?

ಕಾರ್ಡನ್ನ ಲ್ಯಾಪ್‌ಟಾಪ್‌ಗೆ ಹಾಕಿದ್ವಿ, ಓಪನ್ ಆಯ್ತು. ಹೊಸ ಫೋನನ್ನ ಕೇಬಲ್‌ನಿಂದ ಸಿಕ್ಕಿಸಿದ್ವಿ. ಚಾರ್ಜ್ ಆಗ್ತಿದೆ, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕಾಣ್ತಿಲ್ಲ. ಇಂಥಾ ಹೊತ್ತಲ್ಲಿ ನೋಡಬೇಕಾದ್ದು ಎರಡು.

ಮೊದಲನೇದು ಕೇಬಲ್. ಮಾಮೂಲಿ ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ವೈರ್ ಇರ್ತವೆ: ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಜಾತ್ರೆಯಲ್ಲಿ ಸಿಗೋ ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಸಲ ಡೇಟಾ ವೈರ್‌ಗಳೇ ಇರಲ್ಲ. ಚಾರ್ಜ್ ಆಗತ್ತೆ, ಮಾತುಕತೆ ನಡೆಯಲ್ಲ. ನಮ್ಮದು ಅದೇ ಜಾತಿಯ ಕೇಬಲ್. ಬದಲಾಯಿಸಿದ್ವಿ.

ಎರಡನೇದು ಫೋನಿನ ಸೆಟ್ಟಿಂಗ್. 2015ರ ಆಂಡ್ರಾಯ್ಡ್ 6ರಿಂದ ಈಚೆಗೆ ಫೋನ್ ಸಿಕ್ಕಿಸಿದ ಕೂಡಲೇ "ಬರೀ ಚಾರ್ಜಿಂಗ್" ಅಂತ ಇರತ್ತೆ. ಎಲ್ಲಿಯೋ ಚಾರ್ಜಿಗೆ ಹಾಕಿದಾಗ ಯಾರೂ ನಮ್ಮ ಫೈಲ್ ಕದೀಬಾರದು ಅಂತ ಈ ಕಾವಲು. ಮೇಲಿಂದ ನೋಟಿಫಿಕೇಶನ್ ಎಳೆದು "ಫೈಲ್ ಟ್ರಾನ್ಸ್‌ಫರ್" ಅಂತ ನಾವೇ ಆರಿಸಬೇಕು.

ಹಳೇ ಫೋನುಗಳು ಪೆನ್‌ಡ್ರೈವ್ ಥರ ನೇರ ಡ್ರೈವ್ ಆಗಿ ಕಾಣ್ತಿದ್ವಲ್ಲ, ಈಗ ಯಾಕಿಲ್ಲ? ಆಗ ಇದ್ದದ್ದು ಮಾಸ್ ಸ್ಟೋರೇಜ್ ಪದ್ಧತಿ. ಅಂದ್ರೆ ಲೈಬ್ರರಿ ಬೀಗದ ಕೈಯನ್ನೇ ನಿಮಗೆ ಕೊಟ್ಟು ಲೈಬ್ರೇರಿಯನ್ ಹೊರಗೆ ನಿಲ್ಲೋದು. ಕಂಪ್ಯೂಟರ್ ಕೈಯಲ್ಲಿ ಸ್ಟೋರೇಜ್ ಇರೋವರೆಗೂ ಫೋನ್ ಅದನ್ನ ಮುಟ್ಟೋ ಹಾಗಿಲ್ಲ. ಈಗ ಇರೋದು ಎಂಟಿಪಿ, ಅಂದ್ರೆ ಮೀಡಿಯಾ ಟ್ರಾನ್ಸ್‌ಫರ್ ಪ್ರೋಟೋಕಾಲ್. ಇದರಲ್ಲಿ ಲೈಬ್ರೇರಿಯನ್ ಕೌಂಟರ್‌ನಲ್ಲೇ ಕೂತಿರ್ತಾರೆ, ನೀವು ಚೀಟಿ ಕೊಡ್ತೀರಿ, ಅವರು ಪುಸ್ತಕ ತಂದುಕೊಡ್ತಾರೆ. ನಿಧಾನ. ಆದ್ರೆ ಫೋನೂ ಕಂಪ್ಯೂಟರೂ ಒಟ್ಟಿಗೆ ಬರೆಯಲು ಹೋಗಿ ಫೈಲ್ ಸಿಸ್ಟಂ ಕೆಡೋ ಭಯ ಇಲ್ಲ.

ಆ್ಯಪ್ ಹಾಕಿದ್ರೆ ಆಗಲ್ವಾ?

ಚಿಕ್ಕಪ್ಪನ ಮಗ ಕೇಳಿದ್ದು ಇದನ್ನೇ. ನಾವು ಹೈಸ್ಕೂಲ್‌ನಲ್ಲಿದ್ದಾಗ ಹಾಡು, ಸಿನಿಮಾ ಕಳಿಸೋದು ಅಂದ್ರೆ ಶೇರ್‌ಇಟ್, ಝೆಂಡರ್. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಇವೆರಡೂ ಇದ್ವು. ಅದೇ ವರ್ಷ ಗೂಗಲ್ ನಿಯರ್‌ಬೈ ಶೇರ್ ತಂತು, 2024ರಲ್ಲಿ ಅದರ ಹೆಸರು ಕ್ವಿಕ್ ಶೇರ್ ಆಯ್ತು. ಇವೆಲ್ಲ ವೇಗವಾಗಿ ಕಳಿಸೋ ಗುಟ್ಟು ಒಂದೇ: ಬ್ಲೂಟೂತ್ ಬರೀ ಪಕ್ಕದ ಫೋನ್ ಹುಡುಕೋಕೆ, ಸಾಮಾನು ಹೊರೋದು ವೈಫೈ. ಬರೀ ಬ್ಲೂಟೂತ್‌ನಲ್ಲಿ ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಹೋಗತ್ತೆ ಅಂತಿಟ್ಕೊಳ್ಳಿ. ಅಜ್ಜನ ಕಾರ್ಡಲ್ಲಿದ್ದ 2.7 ಜಿಬಿಗೆ ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ ಮೂರು ತಾಸು.

ಆದ್ರೆ ಹಳೇ ಫೋನು ಸತ್ತಿತ್ತು, ಅದರಿಂದ ಹೊಸ ಫೋನಿಗೆ ನೇರವಾಗಿ ಕಳಿಸೋ ಹಾಗಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಒಂದು ಮ್ಯೂಸಿಕ್ ಟ್ರಾನ್ಸ್‌ಫರ್ ಸಾಫ್ಟ್‌ವೇರ್ ಹಾಕಿದ್ವಿ. ಹೆಸರು ಬೇಡ, ತಪ್ಪು ನಮ್ಮದೂ ಇದೆ. ಅದು ಕಾರ್ಡನ್ನ ಹುಡುಕಿ, ಹಾಡುಗಳನ್ನೆಲ್ಲ ಫೋನಿಗೆ ಕಳಿಸಿ, ಕೊನೆಗೆ ದೊಡ್ಡ ಹಸಿರು ಟಿಕ್ ತೋರಿಸ್ತು: ಮುಗೀತು, 601 ಫೈಲ್.

ಕಾರ್ಡಲ್ಲಿದ್ದದ್ದು 612 ಫೈಲ್. ಆ ಸಂಖ್ಯೆ ಸ್ಕ್ರೀನ್ ಮೇಲೇ ಇತ್ತು. ನಾವು ನೋಡಲಿಲ್ಲ.

ಅಷ್ಟೇ ಆಗಿದ್ರೆ ಪರವಾಗಿರಲಿಲ್ಲ. ಹೊಸ ಫೋನಲ್ಲೂ ಕಾರ್ಡ್ ಹಾಕೋ ಜಾಗ ಇದೆ, ಅಜ್ಜನಿಗೆ ಒಂದು ಸಿನಿಮಾನೂ ಹಾಕಿಕೊಡೋಣ ಅಂತ ಕಾರ್ಡಲ್ಲಿದ್ದದ್ದನ್ನೆಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ್ವಿ. 1.4 ಜಿಬಿಯ ಹಳೇ ಸಿನಿಮಾ ಒಂದನ್ನ ತುಂಬಿದ್ವಿ. ಫೋನ್ ಕೊಟ್ವಿ. ಅಜ್ಜ ಕಟ್ಟೆ ಮೇಲೆ ಕೂತು ಅರ್ಧ ತಾಸು ಬೆರಳಾಡಿಸಿದ್ರು. ಆಮೇಲೆ ಕರೆದ್ರು: "ಯಪ್ಪಾ, ಎಲ್ಲಾ ಹಾಡು ಬಂದಾವ. ಆಕಿ ಎಲ್ಲಿ?"

ಬಿಟ್ಟುಹೋದ 11 ಫೈಲ್

ಆಗ ಗೊತ್ತಾಯ್ತು. ಅಜ್ಜಿ ಸೋಬಾನೆ ಪದ, ಬೀಸೋ ಪದ ಹೇಳುವಾಗ ಅಜ್ಜ ಅದೇ ಬಟನ್ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು. ಆ ಕಾಲದ ಫೋನ್‌ಗಳು ರೆಕಾರ್ಡಿಂಗ್‌ನ ಎಎಂಆರ್ ಅನ್ನೋ ಫಾರ್ಮ್ಯಾಟ್‌ನಲ್ಲಿ ಇಡ್ತಿದ್ವು. ನಮ್ಮ ಸಾಫ್ಟ್‌ವೇರ್‌ಗೆ "ಸಂಗೀತ" ಅಂದ್ರೆ ಎಂಪಿ3 ಮತ್ತು ಇನ್ನೊಂದೆರಡು ಜಾತಿ ಅಷ್ಟೇ. ಪಟ್ಟಿಯಲ್ಲಿ ಇಲ್ಲದ್ದನ್ನ ಅದು ಸದ್ದಿಲ್ಲದೆ ಬಿಟ್ಟುಬಿಡ್ತು. "ಇಷ್ಟು ಫೈಲ್ ಬಿಟ್ಟಿದ್ದೀನಿ" ಅಂತ ಒಂದು ಸಾಲೂ ಹೇಳಲಿಲ್ಲ.

ಎಎಂಆರ್ ಹಾಡಿಗಾಗಿ ಹುಟ್ಟಿದ್ದಲ್ಲ, ಫೋನ್ ಕಾಲ್‌ಗಾಗಿ ಹುಟ್ಟಿದ್ದು. 1999ರಲ್ಲಿ ಮೊಬೈಲ್ ಮಾನದಂಡಕ್ಕೆ ಸೇರಿತು. ಸೆಕೆಂಡಿಗೆ 8,000 ಸ್ಯಾಂಪಲ್ ತಗೊಳ್ಳತ್ತೆ. ಸ್ಯಾಂಪ್ಲಿಂಗ್ ಥಿಯರಂ ನೆನಪಿದೆಯಲ್ಲ? ಅದರರ್ಧ, ಅಂದ್ರೆ 4,000 ಹರ್ಟ್ಜ್‌ಗಿಂತ ಮೇಲಿನ ಸದ್ದು ಅದರಲ್ಲಿ ಇರೋಕೇ ಸಾಧ್ಯ ಇಲ್ಲ. ಜೊತೆಗೆ ಅದು ಮನುಷ್ಯನ ಗಂಟಲು, ಬಾಯಿ ಹೇಗೆ ದನಿ ಮಾಡತ್ತೆ ಅನ್ನೋ ಮಾಡೆಲ್ ಇಟ್ಕೊಂಡು ಸದ್ದನ್ನ ಕುಗ್ಗಿಸತ್ತೆ. ಮಾತು ಚೆನ್ನಾಗಿ ಉಳಿಯತ್ತೆ, ವಾದ್ಯ ಹಾಳಾಗತ್ತೆ. ಒಂದು ನಿಮಿಷಕ್ಕೆ ಹೆಚ್ಚಂದ್ರೆ 96 ಕೆಬಿ. 128 ಕೆಬಿಪಿಎಸ್ ಎಂಪಿ3ಗೆ ಅದೇ ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ ಬೇಕು.

ಲೆಕ್ಕ ಹಾಕಿದ್ರೆ ಆ 11 ಫೈಲ್ ಸೇರಿ 4 ಎಂಬಿನೂ ಇರಲಿಲ್ಲ. ನಾವು ದಿನಾ ಕ್ಯಾಂಟೀನ್‌ನಲ್ಲಿ ತೆಗೆದು ಮರೆಯೋ ಒಂದು ಫೋಟೋದಷ್ಟು. 2.7 ಜಿಬಿಯಲ್ಲಿ ಅಜ್ಜನಿಗೆ ಬೇಕಿದ್ದದ್ದು ಅಷ್ಟೇ.

ಡಿಲೀಟ್ ಅಂದ್ರೆ ನಿಜವಾಗಿ ಏನಾಗತ್ತೆ?

ಆ ರಾತ್ರಿ ನಾವು ಮೂವರೂ ಸರಿಯಾಗಿ ಊಟ ಮಾಡಲಿಲ್ಲ. ಹುಡುಕಿದಾಗ ಒಂದು ಆಸೆ ಸಿಕ್ತು.

ಕಾರ್ಡು ಫ್ಯಾಟ್32 ಅನ್ನೋ ಫೈಲ್ ಸಿಸ್ಟಂನಲ್ಲಿತ್ತು. ಹಾಸ್ಟೆಲ್ ಉದಾಹರಣೆ ತಗೊಳ್ಳಿ. ವಾರ್ಡನ್ ಹತ್ರ ರಿಜಿಸ್ಟರ್ ಇದೆ, ಯಾವ ಹುಡುಗ ಯಾವ ರೂಮು ಅಂತ. ಫೈಲ್ ಡಿಲೀಟ್ ಮಾಡಿದಾಗ ಫ್ಯಾಟ್ ಮಾಡೋದು ಇಷ್ಟೇ: ರಿಜಿಸ್ಟರ್‌ನಲ್ಲಿ ಹೆಸರಿನ ಮೊದಲ ಅಕ್ಷರ ಅಳಿಸಿ ಅಲ್ಲೊಂದು ಗುರುತು ಹಾಕತ್ತೆ, ಆ ರೂಮುಗಳೆಲ್ಲ "ಖಾಲಿ" ಅಂತ ಬರ್ಕೊಳ್ಳತ್ತೆ. ಹುಡುಗ ಇನ್ನೂ ರೂಮಲ್ಲೇ ಮಲಗಿರ್ತಾನೆ! ಹೊಸಬನಿಗೆ ಆ ರೂಮ್ ಕೊಟ್ಟಾಗಲೇ ಹಳಬ ನಿಜವಾಗಿ ಹೊರಗೆ ಹೋಗೋದು. ನಾವು 1.4 ಜಿಬಿಯಷ್ಟು ಹೊಸಬರನ್ನ ಆಗಲೇ ಒಳಗೆ ಕಳಿಸಿದ್ವಿ.

ತಕ್ಷಣ ಫೋನಿನಿಂದ ಕಾರ್ಡ್ ತೆಗೆದ್ವಿ. ಇದು ಮುಖ್ಯ: ಡಿಲೀಟ್ ಆಗಿದೆ ಅಂತ ಗೊತ್ತಾದ ಮೇಲೆ ಆ ಕಾರ್ಡಿಗೆ ಒಂದು ಅಕ್ಷರನೂ ಬರೀಬಾರದು. ಮೊದಲು ಇಡೀ ಕಾರ್ಡಿನ ಬಿಟ್‌ಗೆ ಬಿಟ್ ನಕಲನ್ನ ಲ್ಯಾಪ್‌ಟಾಪ್‌ಗೆ ತಗೊಂಡು, ಆ ನಕಲಿನ ಮೇಲೆ ಫೋಟೋರೆಕ್ ಅನ್ನೋ ಉಚಿತ ಓಪನ್ ಸೋರ್ಸ್ ಸಾಫ್ಟ್‌ವೇರ್ ಓಡಿಸಿದ್ವಿ. ಹೆಸರಲ್ಲಿ ಫೋಟೋ ಇದ್ರೂ ಅದು ನೂರಾರು ಬಗೆಯ ಫೈಲ್ ಹುಡುಕತ್ತೆ. ಅದು ರಿಜಿಸ್ಟರ್ ನಂಬಲ್ಲ, ಒಂದೊಂದೇ ರೂಮಿನ ಬಾಗಿಲು ಬಡಿದು ಒಳಗೆ ಯಾರಿದ್ದಾರೆ ಅಂತ ನೋಡತ್ತೆ. ಪ್ರತಿ ಎಎಂಆರ್ ಫೈಲ್‌ನ ಶುರುವಿನಲ್ಲಿ ಆರು ಬೈಟಿನ ಒಂದು ಗುರುತಿರತ್ತೆ, ಅದರಲ್ಲಿ ಎಎಂಆರ್ ಅಂತಲೇ ಬರೆದಿರತ್ತೆ. ಅದನ್ನ ಹಿಡಿದು ಫೈಲ್ ಎತ್ತಬಹುದು.

ಇದರ ಮಿತಿ ಎರಡು. ರಿಜಿಸ್ಟರ್ ನೋಡದೇ ಇರೋದ್ರಿಂದ ಫೈಲ್‌ಗಳ ಹೆಸರು ಸಿಗಲ್ಲ, ಬರೀ ನಂಬರ್. ಫೈಲ್ ತುಂಡು ತುಂಡಾಗಿ ಬೇರೆ ಬೇರೆ ಕಡೆ ಇದ್ರೆ ಅರ್ಧ ಮಾತ್ರ ಬರಬಹುದು. ಇನ್ನೊಂದು ಎಚ್ಚರಿಕೆ: ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನೋದು ಖಾಲಿ ಜಾಗವನ್ನ ತಾನಾಗಿ ಗುಡಿಸಿಬಿಡತ್ತೆ, ಅಲ್ಲಿ ಈ ಅದೃಷ್ಟ ಇರೋದು ಕಡಿಮೆ.

ಸಿಕ್ಕಿದ್ದು ಒಂಬತ್ತು. ಎಂಟು ಪೂರ್ತಿ, ಒಂದು ಅರ್ಧ. ಎರಡು ಹೋದ್ವು.

ಅಜ್ಜನ ಲೆಕ್ಕ

ಹೆಸರಿಲ್ಲದ ಒಂಬತ್ತು ಫೈಲ್ ಇಟ್ಕೊಂಡು ಬೆಳಗ್ಗೆ ಅಜ್ಜನ ಮುಂದೆ ಕೂತ್ವಿ. ಮಾಡಿದ್ದನ್ನೆಲ್ಲ ಹೇಳಿದ್ವಿ. ಅವರು ಬೈಯಲಿಲ್ಲ. "ಹಚ್ಚು" ಅಂದ್ರು. ಒಂದೊಂದಾಗಿ ಕೇಳಿದ್ರು, ಎರಡು ಸಾಲು ಕೇಳಿದ ಕೂಡಲೇ ಯಾವ ಪದ, ಯಾರ ಮದುವೆಯಲ್ಲಿ ಹೇಳಿದ್ದು ಅಂತ ಹೇಳ್ತಿದ್ರು. ಅಕ್ಕ ಬರ್ಕೊಳ್ತಿದ್ಲು. ಮಧ್ಯದಲ್ಲಿ ಒಮ್ಮೆ "ತಾಳದ ಸದ್ದು ಯಾವಾಗ್ಲೂ ಹಿಂಗ, ಸರಿ ಕೇಳಂಗಿಲ್ಲ. ದನಿ ಮಾತ್ರ ಆಕೀದ" ಅಂದ್ರು. 4,000 ಹರ್ಟ್ಜ್ ವಿಷಯವನ್ನ ಅವರು ನಮಗಿಂತ ಮೊದಲೇ ಕಂಡುಕೊಂಡಿದ್ರು!

ಒಂಬತ್ತೂ ಮುಗಿದ ಮೇಲೆ ಕಳೆದದ್ದು ಯಾವುದು ಅಂತ ಅವರೇ ಹೇಳಿದ್ರು. ಒಂದು ಬೀಸೋ ಪದ. "ಅದನ್ನ ನಿಮ್ಮ ದೊಡ್ಡತ್ತಿ ಹೇಳ್ತಾಳ, ಹೋಗ್ಲಿ." ಇನ್ನೊಂದು ಹಾಡೇ ಅಲ್ಲ. ಬಟನ್ ತಪ್ಪಿ ಒತ್ತಿದಾಗ ರೆಕಾರ್ಡ್ ಆಗಿದ್ದು. ಸಂತೆಯಿಂದ ಮೆಣಸಿನಕಾಯಿ ತರೋದು ಮರೆತು ಬಂದಿದ್ದಕ್ಕೆ ಅಜ್ಜಿ ಅವರನ್ನ ಬೈದಿದ್ದು. "ಅದನ್ನ ಯಾರು ಹೇಳ್ತಾರ?" ಅಂದು ಸುಮ್ಮನಾದ್ರು.

ನಮ್ಮ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇನ್ನೊಂದು ತೊಂದರೆಯನ್ನ ಮಾತ್ರ ಸರಿ ಮಾಡೋಕಾಯ್ತು. ಅಜ್ಜನಿಗೆ ಓದೋಕೆ ಕಣ್ಣು ಸಾಲದು. ಹಳೇ ಫೋನಲ್ಲಿ ಅವರು ಎಣಿಸಿ ಹಾಡು ಹಚ್ತಿದ್ರು: ಕೆಳಗಿನ ಬಟನ್ ಮೂರು ಸಲ ಒತ್ತಿದ್ರೆ ಇಂಥಾ ಭಜನೆ ಅಂತ. ಅಗ್ಗದ ಫೋನುಗಳು ಎಷ್ಟೋ ಸಲ ಫೈಲ್ ಕಾಪಿಯಾದ ಕ್ರಮದಲ್ಲೇ ಪಟ್ಟಿ ತೋರಿಸ್ತವೆ, ಹಾಗಾಗಿ ಆ ಲೆಕ್ಕ ತಪ್ಪುತ್ತಿರಲಿಲ್ಲ. ಹೊಸ ಫೋನಿನ ಪ್ಲೇಯರ್ ಫೈಲ್ ಒಳಗಿನ ಐಡಿ3 ಟ್ಯಾಗ್ ಓದಿ ಅಕ್ಷರಮಾಲೆ ಪ್ರಕಾರ ಜೋಡಿಸತ್ತೆ. ಅಂಗಡಿಯಲ್ಲಿ ತುಂಬಿಸಿದ ಹಾಡುಗಳ ಟ್ಯಾಗ್‌ನಲ್ಲಿ ಇರೋದು ಯಾವುದೋ ವೆಬ್‌ಸೈಟ್ ಹೆಸರು. ಅಜ್ಜಿಯ ಫೈಲ್‌ಗಳಿಗೆ 01, 02 ಅಂತ ನಂಬರಿನಿಂದ ಶುರುವಾಗೋ ಹೆಸರಿಟ್ಟು, ಬೇರೆ ಫೋಲ್ಡರ್ ಮಾಡಿ, ಫೋಲ್ಡರ್ ತೋರಿಸೋ ಪ್ಲೇಯರ್ ಹಾಕಿದ್ವಿ. ಈಗ ಮತ್ತೆ ಎಣಿಸಿ ಹಚ್ತಾರೆ.

ಮನೆಯ ಫೋನ್ ಬದಲಾಯಿಸೋ ಮುಂಚೆ

ರಜೆಗೆ ಹೋದಾಗ ಈ ಕೆಲಸ ನಿಮಗೂ ಬರತ್ತೆ, ಆಗ ನೆನಪಿರಲಿ:

1. ಫೋನ್ ಯಾರದೋ ಅವರನ್ನ ಮೊದಲು ಕೇಳಿ, ಇದರಲ್ಲಿ ನಿಮಗೆ ಬೇಕಾದ್ದು ಯಾವುದು ಅಂತ. ನಾವು ಕೇಳಲಿಲ್ಲ, ಅವರಾಗಿ ಹೇಳಿದಾಗಲೂ ತಿಳ್ಕೊಳ್ಳಲಿಲ್ಲ.

2. ಸಾಫ್ಟ್‌ವೇರ್‌ಗೆ ಬಿಡೋ ಮುಂಚೆ ಇಡೀ ಕಾರ್ಡನ್ನ ಹಾಗೇ ಒಂದು ಫೋಲ್ಡರ್‌ಗೆ ಕಾಪಿ ಮಾಡಿ. ಕಟ್ ಬೇಡ, ಕಾಪಿ.

3. ಎರಡೂ ಕಡೆ ಫೈಲ್ ಎಷ್ಟಿವೆ ಎಣಿಸಿ. ಹಸಿರು ಟಿಕ್ ನಂಬಬೇಡಿ.

4. ಕಾರ್ಡನ್ನ ಹೊಸ ಫೋನಿಗೆ ಹಾಕಿದಾಗ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳಿದ್ರೆ ನಿಂತು ಓದಿ. ಇಂಟರ್ನಲ್ ಸ್ಟೋರೇಜ್ ಮಾಡ್ಕೊಂಡ್ರೆ ಕಾರ್ಡಲ್ಲಿದ್ದದ್ದು ಪೂರ್ತಿ ಹೋಗತ್ತೆ.

5. ಎಎಂಆರ್ ಫೈಲನ್ನ ಎಂಪಿ3 ಮಾಡಿದ್ರೆ ಎಲ್ಲ ಪ್ಲೇಯರ್‌ನಲ್ಲೂ ಓಡತ್ತೆ, ಆದ್ರೆ ದನಿ ಸುಧಾರಿಸಲ್ಲ. ಮೂಲ ಫೈಲ್ ಅಳಿಸಬೇಡಿ.

6. ಬೇಕಾದ್ದು ಮೂರು ಕಡೆ ಇರಲಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಅಜ್ಜಿಯ ಒಂಬತ್ತು ಫೈಲ್ ಈಗ ಅಜ್ಜನ ಫೋನಲ್ಲಿವೆ, ಅಕ್ಕನ ಪೆನ್‌ಡ್ರೈವ್‌ನಲ್ಲಿವೆ, ಕ್ಲೌಡ್‌ನಲ್ಲಿವೆ.

ಆ ಹಳೇ ಕಾರ್ಡನ್ನ ಅಜ್ಜ ವಾಪಸ್ ಇಸ್ಕೊಂಡಿದ್ದಾರೆ. ಅದೇ ಬೀಡಿ ಕಾಗದದಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟಿದ್ದಾರೆ. ಅದರಲ್ಲಿ ಈಗ ಇರೋದು ಒಂದು ಸಿನಿಮಾ ಅಷ್ಟೇ ಅಂತ ನಾವು ಹೇಳಿದ್ವಿ. "ಇರ್ಲಿ ಬಿಡ್ರಪಾ" ಅಂದ್ರು.

ಈ ವಾರ ಮನೆಗೆ ಫೋನ್ ಮಾಡಿದಾಗ ಅವ್ವನೋ ಅಜ್ಜಿಯೋ ಬೈದ್ರೆ, ಒಂದು ನಿಮಿಷ ರೆಕಾರ್ಡ್ ಬಟನ್ ಒತ್ತಿಡಿ.